ಮಡಿಕೇರಿಯಿಂದ ಭಾಗಮಂಡಲಕ್ಕೆ ಬಿಟ್ಟರೆ ಸಾಕು ಅಂದ್ರೂ ಟ್ಯಾಕ್ಸಿಯವರು ವಾಪಸ್ ಬಾಡಿಗೆಯನ್ನೂ ಯಾಕೆ ಕೇಳ್ತಾರೆ?

ಕಾರು ಖಾಲಿ ವಾಪಸ್ ಬರಬೇಕಲ್ಲ, ಅದಕ್ಕೇ. ಬೆಂಗಳೂರಿನಲ್ಲಾದರೆ ನಿಮ್ಮನ್ನು ಇಳಿಸಿದ ಜಾಗದ ಹತ್ತಿರವೇ ಡ್ರೈವರಿಗೆ ಇನ್ನೊಂದು ಬಾಡಿಗೆ ಸಿಗುತ್ತದೆ. ಭಾಗಮಂಡಲದಲ್ಲಿ ಸಿಗುವುದು ಕಷ್ಟ. ಆ ಡೀಸೆಲ್ಲೂ ಸಮಯವೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಹೇಗೂ ಎರಡೂ ಕಡೆಯ ದುಡ್ಡು ಕೊಡ್ತೀರಿ ಅಲ್ವಾ, ಹೋಗಿ ಬರುವ ಬಾಡಿಗೆಯನ್ನೇ ಮಾತಾಡಿ. ತಲಕಾವೇರಿ ಅಲ್ಲಿಂದ ಸುಮಾರು 8 ಕಿ.ಮೀ., ಅದನ್ನೂ ಸೇರಿಸಿಕೊಳ್ಳಿ. ವೇಟಿಂಗ್ ಎಷ್ಟು ಗಂಟೆ, ಪಾರ್ಕಿಂಗ್ ದುಡ್ಡು ಯಾರದ್ದು ಅಂತ ಹತ್ತುವ ಮೊದಲೇ ಕೇಳಿ.

ನಂಬರ್ ಪ್ಲೇಟ್ ಹಳದಿಯೇ ಇರಲಿ. ಬಿಳಿ ಬೋರ್ಡಿನ ಕಾರು ಸ್ವಂತ ಬಳಕೆಗೆ ಮಾತ್ರ. ಬಾಡಿಗೆಗೆ ಓಡುವಾಗ ಅಪಘಾತವಾದರೆ ವಿಮೆಯವರು ತಕರಾರು ತೆಗೆಯಬಹುದು. ಮಡಿಕೇರಿ ಹತ್ತಿರದ ಮಾಂದಲಪಟ್ಟಿ ಬೆಟ್ಟಕ್ಕೆ ಮಾತ್ರ ಕಾರನ್ನು ನಂಬಿಕೊಳ್ಳಬೇಡಿ, ಕೊನೆಯ ದಾರಿಗೆ ಜೀಪೇ ಬೇಕು.