ಹಿಮಾಲಯಕ್ಕೆ ಮೊದಲು ಅಪ್ಪನೊಂದಿಗೆ ತೋಟದಲ್ಲೊಂದು ರಾತ್ರಿ

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ, ತೂಕ 60 ಕೆ.ಜಿ. ಹಿಮಾಲಯದಲ್ಲಿ ಒಮ್ಮೆ ನಡೆಯಬೇಕೆಂಬುದು ಅವರ ಬಹುದಿನದ ಆಸೆ. ಮೇ ತಿಂಗಳಲ್ಲಿ ಸ್ಥಳೀಯ ಮಾರ್ಗದರ್ಶಿಯೊಡನೆ ಉತ್ತರಾಖಂಡದ ಕೇದಾರಕಂಠಕ್ಕೆ ಹೋಗುವವರಿದ್ದೇವೆ. ಟೆಂಟ್, ಸ್ಲೀಪಿಂಗ್ ಬ್ಯಾಗ್, ಗ್ಯಾಸ್ ಸ್ಟೌ ಎಲ್ಲವೂ ಹೊಸತು. ಬೂಟುಗಳು ಮಾತ್ರ ಅಪ್ಪ ಹಿಂದೆಯೇ ಕೊಂಡು ಬಳಸದೆ ಇಟ್ಟಿದ್ದವು. ಹೊರಡುವ ಮೊದಲು ಮುಳ್ಳಯ್ಯನಗಿರಿಯ ಮೇಲೆ ಒಂದು ರಾತ್ರಿ ಟೆಂಟ್ ಹಾಕಿ ಇವನ್ನೆಲ್ಲ ಪರೀಕ್ಷಿಸಬೇಕೆಂದಿದ್ದೇವೆ. ಏನೇನನ್ನು ಗಮನಿಸಬೇಕು?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ನಿಮ್ಮ ಯೋಚನೆ ಸರಿಯಾಗಿದೆ, ಜಾಗವನ್ನು ಮಾತ್ರ ಬದಲಿಸಿಕೊಳ್ಳಿ. ಅನುಮತಿಯಿಲ್ಲದೆ ಅರಣ್ಯ ಪ್ರದೇಶದಲ್ಲಿ ರಾತ್ರಿ ತಂಗುವುದು ಕಾನೂನಿಗೆ ವಿರುದ್ಧ. ಅದರ ಬದಲು ಹಗಲಿನಲ್ಲಿ ತುಂಬಿದ ಬೆನ್ನುಚೀಲಗಳನ್ನು ಹೊತ್ತು ಸರ್ಪದಾರಿಯಿಂದ ಮುಳ್ಳಯ್ಯನಗಿರಿಯನ್ನು ಹತ್ತಿ ಇಳಿದು, ಸಂಜೆ ಪರಿಚಯದವರ ಕಾಫಿ ತೋಟಕ್ಕೆ ಬಂದು ಅಲ್ಲಿ ಟೆಂಟ್ ಹಾಕಿಕೊಳ್ಳಿ. ಏನಾದರೂ ಕೈಕೊಟ್ಟರೆ ನಡುರಾತ್ರಿಯಲ್ಲೂ ಹತ್ತು ಹೆಜ್ಜೆಯಲ್ಲಿ ಒಂದು ಮನೆ ಸಿಗುತ್ತದೆಂಬುದೇ ಇಂಥ ಪರೀಕ್ಷೆಗೆ ಬೇಕಾದ ಮುಖ್ಯ ಅನುಕೂಲ. ಮೂಡಿಗೆರೆ, ಆಲೂರು, ಸಕಲೇಶಪುರದ ಕಡೆಯ ತೋಟವಾದರೆ ಆ ವಾರ ಆನೆಗಳು ಎಲ್ಲಿ ಓಡಾಡುತ್ತಿವೆಯೆಂದು ತೋಟದವರನ್ನು ಕೇಳಿಯೇ ಹೋಗಬೇಕು. ಅವರು ಬೇಡವೆಂದರೆ ಬೇಡ. ಸಿಲ್ವರ್ ಓಕ್ ಮರಗಳ ಕೆಳಗೆ ಒಣ ಕೊಂಬೆ ಬೀಳುವ ಭಯವಿರುವುದರಿಂದ, ಕುಯ್ಲು ಮುಗಿದು ಖಾಲಿಯಾದ ಕಾಫಿ ಕಣದ ಪಕ್ಕದ ಬಯಲು ಒಳ್ಳೆಯದು.

ಮಾರ್ಚ್ ತಿಂಗಳಲ್ಲೇ ಹೋಗಿಬನ್ನಿ. ದೋಷ ಕಂಡರೆ ಬದಲಾಯಿಸಲು ಆಗ ಸಮಯವಿರುತ್ತದೆ. ಕಾಫಿ ಹೂವರಳಿಸುವ ಬೇಸಿಗೆಯ ಹೂಮಳೆ ಬಿದ್ದರೆ ಟೆಂಟಿನ ಹೊಲಿಗೆಗಳು ಸೋರುತ್ತವೆಯೇ ಎಂಬುದೂ ತಿಳಿಯುತ್ತದೆ. ಮಳೆ ಬಾರದಿದ್ದರೆ ಮನೆಯಂಗಳದಲ್ಲಿ ಪೈಪಿನಿಂದ ಅರ್ಧ ಗಂಟೆ ನೀರು ಬಿಟ್ಟು ನೋಡಿದರೂ ಸಾಕು. ಗುಡುಗು ಕೇಳಿಸಿದರೆ ಮಾತ್ರ ಪರೀಕ್ಷೆಯನ್ನು ನಿಲ್ಲಿಸಿ ಮನೆಯೊಳಗೆ ಹೋಗಿಬಿಡಿ.

ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಆತಂಕ ತಂದದ್ದು ಬಳಸದೆ ಇಟ್ಟ ಬೂಟುಗಳು. ಬಹಳಷ್ಟು ಚಾರಣದ ಬೂಟುಗಳಲ್ಲಿ ಅಟ್ಟೆಗೂ ಮೇಲ್ಭಾಗಕ್ಕೂ ನಡುವೆ ಪಾಲಿಯುರಿಥೇನ್ ಎಂಬ ಮೆತ್ತನೆಯ ಪದರವಿರುತ್ತದೆ. ಗಾಳಿಯ ತೇವಾಂಶವು ವರ್ಷಾನುಗಟ್ಟಲೆ ಅದರೊಡನೆ ವರ್ತಿಸಿ ಒಳಗಿಂದೊಳಗೇ ಅದನ್ನು ಪುಡಿಯಾಗುವಂತೆ ಮಾಡುತ್ತದೆ, ಮತ್ತು ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಈ ಕ್ರಿಯೆ ಇನ್ನಷ್ಟು ಬೇಗ ನಡೆಯುತ್ತದೆ. ನನ್ನ ತಂದೆಯವರೊಡನೆ ಬಲ್ಲಾಳರಾಯನದುರ್ಗಕ್ಕೆ ಹೋದಾಗ, ಐದು ವರ್ಷ ಪೆಟ್ಟಿಗೆಯಲ್ಲಿದ್ದ, ನೋಡಲು ಹೊಸತರಂತೆಯೇ ಇದ್ದ ಅವರ ಬೂಟಿನ ಅಟ್ಟೆ ಎರಡು ಕಿಲೋಮೀಟರು ನಡೆಯುವಷ್ಟರಲ್ಲಿ ಕಳಚಿಬಂತು. ಟೆಂಟಿನ ಹಗ್ಗದಿಂದ ಅದನ್ನು ಕಾಲಿಗೆ ಬಿಗಿದುಕೊಂಡು ಅವರು ಇಳಿದುಬಂದದ್ದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ, ಏಕೆಂದರೆ ಹೊರಡುವ ಮೊದಲು ಆ ಬೂಟನ್ನು ಒಮ್ಮೆ ಬಗ್ಗಿಸಿ ನೋಡಿದ್ದರೂ ಬಿರುಕು ಕಾಣಿಸುತ್ತಿತ್ತು. ಬಿರುಕು ಕಾಣದಿದ್ದರೂ ಒಂದೆರಡು ವಾರ ದಿನವೂ ಆ ಬೂಟು ಹಾಕಿಕೊಂಡೇ ವಾಕಿಂಗ್ ಹೋಗಲು ತಂದೆಯವರಿಗೆ ಹೇಳಿ. ಹೊಸದನ್ನು ಕೊಳ್ಳಬೇಕಾದರೆ ಸಂಜೆಯ ಹೊತ್ತು, ಕಾಲು ಸ್ವಲ್ಪ ಊದಿರುವಾಗ, ದಪ್ಪ ಕಾಲುಚೀಲ ಹಾಕಿಕೊಂಡು ಅಳತೆ ನೋಡಬೇಕು. ಇಳಿಜಾರಿನಲ್ಲಿ ಹೆಬ್ಬೆರಳು ಮುಂದಕ್ಕೆ ತಾಗಬಾರದು.

ಚೀಲದ ತೂಕ ದೇಹದ ತೂಕದ ಐದನೇ ಒಂದು ಭಾಗವನ್ನು ಮೀರಬಾರದೆಂದು ಸಾಮಾನ್ಯವಾಗಿ ಹೇಳುತ್ತಾರೆ. ತಂದೆಯವರಿಗೆ ಆ ಲೆಕ್ಕದಲ್ಲಿ 12 ಕೆ.ಜಿ. ಆಗುತ್ತದಾದರೂ ನಾನು ನೀರೂ ಸೇರಿ 8 ಕೆ.ಜಿ.ಗೆ ನಿಲ್ಲಿಸುತ್ತೇನೆ, ಟೆಂಟನ್ನು ನೀವು ಹೊತ್ತುಕೊಳ್ಳಿ. ಸೊಂಟದ ಪಟ್ಟಿಯನ್ನು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬಿಗಿದರೆ ಭಾರದ ಹೆಚ್ಚಿನ ಪಾಲು ಕಾಲುಗಳಿಗೆ ಇಳಿದು ಹೆಗಲು ಹಗುರಾಗುತ್ತದೆ. ಮಂಡಿನೋವು ಹತ್ತುವಾಗ ಕಾಣದಿದ್ದರೂ ಇಳಿಯುವಾಗ ಕಾಣಿಸಿಕೊಳ್ಳಬಹುದು. ಊರುಗೋಲುಗಳ ಪರೀಕ್ಷೆ ನಡೆಯಬೇಕಾದದ್ದೂ ಅಲ್ಲಿಯೇ.

ಚಳಿಯ ಪರೀಕ್ಷೆ ಮಾತ್ರ ನಮ್ಮೂರಿನಲ್ಲಿ ಸಾಧ್ಯವಿಲ್ಲ. ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಚಿಕ್ಕಮಗಳೂರು ಸಾವಿರ ಮೀಟರಿಗಿಂತ ಸ್ವಲ್ಪ ಮೇಲಿದ್ದರೆ ಕೇದಾರಕಂಠದ ಶಿಖರ ಸುಮಾರು 3,800 ಮೀಟರ್ ಎತ್ತರದಲ್ಲಿದೆ. ತೋಟದಲ್ಲಿ ಬೆಚ್ಚಗೆ ನಿದ್ದೆ ಬಂತೆಂದು ಆ ಸ್ಲೀಪಿಂಗ್ ಬ್ಯಾಗನ್ನು ಹಿಮಾಲಯಕ್ಕೆ ಸಾಕೆಂದು ತೀರ್ಮಾನಿಸಬೇಡಿ. ಅದರ ಚೀಟಿಯಲ್ಲಿ ಎರಡು ಉಷ್ಣತೆಗಳನ್ನು ಬರೆದಿದ್ದರೆ ‘ಕಂಫರ್ಟ್’ ಎಂಬುದನ್ನಷ್ಟೇ ನಂಬಿ, ‘ಲಿಮಿಟ್’ ಎಂಬುದನ್ನು ಬಿಡಿ. ವಯಸ್ಸಾದವರಿಗೆ ಚಳಿ ಹೆಚ್ಚು ತಾಗುತ್ತದೆ. ಕೆಳಗೆ ಹಾಸುವ ಮ್ಯಾಟ್ ಕೂಡ ಅಷ್ಟೇ ಮುಖ್ಯ, ಏಕೆಂದರೆ ಮೈಯಡಿ ಅಮುಕಿಹೋದ ಬ್ಯಾಗಿನಲ್ಲಿ ಗಾಳಿ ಉಳಿಯದೆ ಮೈಯ ಶಾಖವೆಲ್ಲ ನೆಲಕ್ಕೆ ಹೋಗುತ್ತದೆ. ಎತ್ತರದ ತೆಳುಗಾಳಿಗೆ ದೇಹ ಹೇಗೆ ಒಗ್ಗುತ್ತದೆಂಬುದನ್ನೂ ಇಲ್ಲಿ ಅರಿಯಲಾಗದು. 2,500 ಮೀಟರ್ ದಾಟಿದ ಮೇಲೆ ಯಾರಿಗೂ ತೊಂದರೆಯಾಗಬಹುದಾದ್ದರಿಂದ ಈಗಲೇ ವೈದ್ಯರನ್ನು ಕಾಣಿ.

ಸ್ಟೌವನ್ನು ಟೆಂಟಿನೊಳಗೆ ಎಂದೂ ಹಚ್ಚಬೇಡಿ. ಅದರಿಂದ ಹೊರಡಬಹುದಾದ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ತಿಳಿಯುವುದೇ ಇಲ್ಲ. ಗ್ಯಾಸ್ ಡಬ್ಬಿಯನ್ನು ಅಡುಗೆಗೆ ಮೊದಲು ಮತ್ತು ಅನಂತರ ತೂಗಿ, ಎಷ್ಟು ಗ್ರಾಂ ಖರ್ಚಾಯಿತೆಂದು ಬರೆದಿಡಿ. ವಿಮಾನದಲ್ಲಿ ಆ ಡಬ್ಬಿಯನ್ನು ಒಯ್ಯಲು ಬಿಡುವುದಿಲ್ಲವಾದ್ದರಿಂದ ಡೆಹ್ರಾಡೂನಿನಲ್ಲಿ ಎಷ್ಟು ಕೊಳ್ಳಬೇಕೆಂಬುದಕ್ಕೆ ಈ ಲೆಕ್ಕವೇ ಆಧಾರ. ಬರೀ ಬ್ಯೂಟೇನ್ ತುಂಬಿದ ಡಬ್ಬಿ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗದೆ ನಿಂತುಬಿಡುತ್ತದೆ. ಐಸೊಬ್ಯೂಟೇನ್ ಮತ್ತು ಪ್ರೊಪೇನ್ ಬೆರೆತದ್ದನ್ನೇ ಕೇಳಿ ಪಡೆಯಿರಿ.

ಟೆಂಟ್ ಹಾಕುವಾಗ ನೀವು ದೂರ ನಿಂತು, ಒಮ್ಮೆಯಾದರೂ ತಂದೆಯವರೇ ಹಾಕಲು ಬಿಡಿ. ರಾತ್ರಿ ಮೂತ್ರಕ್ಕೆ ಏಳುವಾಗ ಕತ್ತಲಲ್ಲಿ ಟಾರ್ಚ್ ಕೈಗೆ ಸಿಗುತ್ತದೆಯೇ, ಜಿಪ್ ಸರಾಗವಾಗಿ ತೆರೆಯುತ್ತದೆಯೇ, ಅಷ್ಟು ತಗ್ಗಿನಿಂದ ಮಂಡಿಯೂರಿ ಏಳಲು ಅವರಿಗಾಗುತ್ತದೆಯೇ ಎಂಬುದನ್ನು ತಿಳಿಯಲು ಬೇರೆ ದಾರಿಯಿಲ್ಲ. ನನ್ನ ತಂದೆಯವರು ರಾತ್ರಿ ಏಳಬೇಕಾದೀತೆಂದು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದರು, ನನಗೆ ಹೇಳಿರಲೂ ಇಲ್ಲ. ಎತ್ತರದ ಜಾಗದಲ್ಲಿ ಹಾಗೆ ಮಾಡುವುದು ಅಪಾಯ. ಆದ್ದರಿಂದ ನೀವಾಗಿಯೇ ಆ ಮಾತೆತ್ತಿ. ಬೆಳಿಗ್ಗೆ ಟೆಂಟಿನ ಒಳಮೈ ಒದ್ದೆಯಾಗಿದ್ದರೆ ಅದು ಸೋರಿಕೆಯೇ ಆಗಬೇಕಿಲ್ಲ, ಇಬ್ಬರ ಉಸಿರಿನ ತೇವವೂ ಆಗಿರಬಹುದು; ಗಾಳಿಕಿಂಡಿಗಳನ್ನು ತೆರೆದಿಟ್ಟು ಮಲಗಿ. ಮನೆಗೆ ಬಂದ ದಿನವೇ ಟೆಂಟನ್ನು ನೆರಳಿನಲ್ಲಿ ಹರಡಿ ಪೂರ್ತಿ ಒಣಗಿಸಿ, ಬಳಸದೆ ಉಳಿದ ವಸ್ತುಗಳನ್ನು ತಂದೆಯವರ ಚೀಲದಿಂದ ಅವರ ಕೈಯಿಂದಲೇ ತೆಗೆಸಿಡಿ.