ಚಿಕ್ಕ ಅಳುವಾರದ ಕೊಡಗು ವಿ.ವಿ.ಗೆ ಹೊಸದಾಗಿ ಸೇರಿದವರ ಚಿಂತೆಯನ್ನು ಅಳೆಯುವುದು ಹೇಗೆ?

ಪ್ರಶ್ನಾವಳಿಯಿಂದ. ಹೆಚ್ಚು ಬಳಕೆಯಲ್ಲಿರುವುದು 1990ರಲ್ಲಿ ಪ್ರಕಟವಾದ ಪೆನ್ ಸ್ಟೇಟ್ (ಅಮೆರಿಕದ ಒಂದು ವಿ.ವಿ.) ಚಿಂತಾ ಪ್ರಶ್ನಾವಳಿ. ಅದರಲ್ಲಿ 16 ವಾಕ್ಯಗಳಿವೆ. ಪ್ರತಿಯೊಂದೂ ನಿಮಗೆ ಎಷ್ಟು ಹೊಂದುತ್ತದೆ ಎಂದು 1ರಿಂದ 5ರೊಳಗೆ ಗುರುತು ಹಾಕಬೇಕು. ಒಟ್ಟು ಅಂಕ 16ರಿಂದ 80.

ಇದರ ಜಾಣತನವೆಂದರೆ, ಯಾವುದರ ಬಗ್ಗೆ ಚಿಂತೆ ಎಂದು ಅದು ಕೇಳುವುದೇ ಇಲ್ಲ. ಒಬ್ಬಳಿಗೆ ಮಳೆಗಾಲದಲ್ಲಿ ವಿರಾಜಪೇಟೆಯ ಬಸ್ ತಪ್ಪುವ ಚಿಂತೆ, ಇನ್ನೊಬ್ಬನಿಗೆ ಕಾಫಿ ಫಸಲು ಕೈಕೊಟ್ಟರೆ ಫೀಸು ಕಟ್ಟುವುದು ಹೇಗೆಂಬ ಚಿಂತೆ. ಇವೆರಡನ್ನು ತೂಗಿ ನೋಡಲಾಗದು. ಆದರೆ ಶುರುವಾದ ಚಿಂತೆಯನ್ನು ನಿಲ್ಲಿಸಲು ಆಗುತ್ತದೆಯೇ ಎಂಬುದನ್ನು ಇಬ್ಬರಿಗೂ ಕೇಳಬಹುದು. ಅಳೆಯುವುದು ಚಿಂತೆ ಎಷ್ಟು ಹೆಚ್ಚು, ಅದರ ಮೇಲೆ ನಮಗೆ ಹಿಡಿತ ಎಷ್ಟು ಎಂಬುದನ್ನು.

ಐದು ವಾಕ್ಯಗಳು ತಿರುವುಮುರುವಾಗಿರುತ್ತವೆ, ‘ನನಗೆ ಚಿಂತೆಯೇ ಆಗದು’ ಎನ್ನುವ ಧಾಟಿಯಲ್ಲಿ. ಅವುಗಳ ಅಂಕವನ್ನು ಉಲ್ಟಾ ಎಣಿಸುತ್ತಾರೆ. ಓದದೆ ಎಲ್ಲಕ್ಕೂ 5 ಒತ್ತಿದವರು ಅಲ್ಲೇ ಸಿಕ್ಕಿಬೀಳುತ್ತಾರೆ (ಹಾಸ್ಟೆಲ್ ಹುಡುಗರು ಇದನ್ನು ಮಾಡಿಯೇ ಮಾಡುತ್ತಾರೆ!).

ಒಂದೇ ಸಲ, ಅದೂ ಸೇರಿದ ಮೊದಲ ವಾರದಲ್ಲಿ ಅಳೆಯುವುದು ನನಗೆ ಸರಿ ಕಾಣುವುದಿಲ್ಲ. ಆಗ ಹೊಸ ಜಾಗದ ಗಾಬರಿಯೂ ಅಂಕಕ್ಕೆ ಸೇರಿಕೊಳ್ಳಬಹುದು. ಸೆಮಿಸ್ಟರ್ ನಡುವೆ ಅದೇ ವಿದ್ಯಾರ್ಥಿಗಳನ್ನು ಮತ್ತೆ ಕೇಳಿ ಹೋಲಿಸಬೇಕು. ಅಂಕ ಹೆಚ್ಚು ಬಂದ ಮಾತ್ರಕ್ಕೆ ಅದು ಕಾಯಿಲೆಯೂ ಅಲ್ಲ. ಅದನ್ನು ಹೇಳಬೇಕಾದವರು ವೈದ್ಯರು ಅಥವಾ ಮನಶ್ಶಾಸ್ತ್ರಜ್ಞರು.