ಮೂರನೇ ಸುತ್ತು ನೋಡಿ, ಮಾರಾಯ್ರೆ

ಪ್ರಶ್ನೆ: ಮಾಸ್ಟ್ರೇ, ನನಗೆ 41 ವರ್ಷ. ಒಂದು ಸೊಸೈಟಿಯಲ್ಲಿ ಕೆಲಸ. ಹೈಸ್ಕೂಲಿನಲ್ಲಿ 800 ಮೀಟರ್ ಓಡುತ್ತಿದ್ದೆ. ಈಗ ಮಕ್ಕಳು ಮಲಗಿದ ಮೇಲೆ ಮೊಬೈಲಿನಲ್ಲಿ ವಿಶ್ವದಾಖಲೆಯ ಓಟಗಳನ್ನು ನೋಡುವುದೇ ಹುಚ್ಚು. ಕೀನ್ಯಾದ ಫೇಯ್ತ್ ಕಿಪ್ಯೆಗಾನ್ ಕೊನೆಯ ಸುತ್ತು ಓಡುವಾಗ ಕಣ್ಣಲ್ಲಿ ನೀರು ಬರುತ್ತದೆ. ಅವರೂ ಒಂದು ಮಗುವಿನ ತಾಯಿ ಅಲ್ವಾ? ನಾಳೆ ಅಜ್ಜರಕಾಡು ಮೈದಾನಕ್ಕೆ ಹೋಗಿಯೇ ಹೋಗುತ್ತೇನೆ ಅಂತ ಐದೂವರೆಗೆ ಅಲಾರಂ ಇಡುತ್ತೇನೆ. ಬೆಳಿಗ್ಗೆ ಆಫ್ ಮಾಡಿ ಮಲಗುತ್ತೇನೆ. ಹೊಸ ಶೂ ಡಬ್ಬದಲ್ಲೇ ಉಂಟು. ರಾತ್ರಿ ಬಂದ ಹುಮ್ಮಸ್ಸು ಬೆಳಿಗ್ಗೆ ಎಲ್ಲಿ ಹೋಗುತ್ತದೆ?
– ಹೆಸರು ಬೇಡ, ಉಡುಪಿ

ಉತ್ತರ: ಹನ್ನೆರಡು ಗಂಟೆವರೆಗೆ ಮೊಬೈಲ್ ನೋಡಿದರೆ ಐದೂವರೆಗೆ ಯಾರಿಗೆ ಎಚ್ಚರ ಆಗುತ್ತದೆ ಮಾರಾಯ್ರೆ? ಅರ್ಧ ಉತ್ತರ ಅಲ್ಲೇ ಉಂಟು. ಇನ್ನರ್ಧ ಹೇಳುತ್ತೇನೆ.

ಸುಮಾರು ನಾಲ್ಕು ಸುತ್ತಿನ ಓಟದಲ್ಲಿ ನೀವು ನೋಡುವುದು ಕೊನೆಯ ಸುತ್ತು. ಗಂಟೆ ಬಾರಿಸುತ್ತದೆ, ಜನ ಎದ್ದು ನಿಲ್ಲುತ್ತಾರೆ, ಯಾರಿಗಾದರೂ ಮೈ ಜುಮ್ ಅನ್ನುತ್ತದೆ. ಆದರೆ ಬೆಳಿಗ್ಗೆ ಐದೂವರೆಗೆ ನಿಮಗೆ ಸಿಗುವುದು ಕೊನೆಯ ಸುತ್ತು ಅಲ್ಲ, ಮೂರನೆಯದು. ಆಗ ಕಾಲು ಭಾರ, ಗುರಿ ದೂರ, ಚಪ್ಪಾಳೆ ಹೊಡೆಯುವವರು ಯಾರೂ ಇಲ್ಲ.

ನಾನು ಕಾಲೇಜಿನಲ್ಲಿ 1500 ಮೀಟರ್ ಓಡಿದವನು. ಒಂದು ಕೂಟದಲ್ಲಿ ಎರಡು ಸುತ್ತು ಎಲ್ಲರಿಗಿಂತ ಮುಂದೆ ಇದ್ದೆ. ಮೂರನೆಯದರಲ್ಲಿ ಉಸಿರು ಕಟ್ಟಿತು. ಸೀದಾ ಹೊರಗೆ ಬಂದು ಗೇರು ಮರದ ಕೆಳಗೆ ಕೂತೆ. ಕಾಲಿಗೆ ಮುಳ್ಳು ಚುಚ್ಚಿತು ಅಂತ ಸುಳ್ಳು ಹೇಳಿದೆ. ನಮ್ಮ ಮಾಸ್ಟ್ರು ಕಾಲು ಎತ್ತಿ ನೋಡಿದರು. ಮುಳ್ಳೂ ಇಲ್ಲ, ಗಿಳ್ಳೂ ಇಲ್ಲ! ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆಮೇಲೆ 31 ವರ್ಷ ನಾನೇ ಪಿ.ಟಿ. ಮಾಸ್ಟ್ರಾದೆ. ಮಕ್ಕಳು ಓಡುವಾಗ ಯಾವಾಗಲೂ ಮೂರನೇ ಸುತ್ತಿನ ತಿರುವಿನಲ್ಲಿ ಹೋಗಿ ನಿಲ್ಲುತ್ತಿದ್ದೆ.

ರೋಜರ್ ಬ್ಯಾನಿಸ್ಟರ್ ಹೆಸರು ಕೇಳಿರುತ್ತೀರಿ. 1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ ಒಂದು ಮೈಲಿಯನ್ನು ನಾಲ್ಕು ನಿಮಿಷದ ಒಳಗೆ ಓಡಿದ ಮೊದಲಿಗ. ಸಮಯ 3 ನಿಮಿಷ 59.4 ಸೆಕೆಂಡು. ಆಗ ಅವರು ಡಾಕ್ಟರಿಕೆ ಓದುತ್ತಿದ್ದ ಹುಡುಗ. ಅವರ ಸುತ್ತುಗಳ ಲೆಕ್ಕ ನೋಡಿ: ಮೊದಲನೆಯದು 57.5, ಎರಡನೆಯದು 60.7, ಮೂರನೆಯದು 62.3, ಕೊನೆಯದು 58.9. ಅಂಥವರಿಗೂ ಮೂರನೆಯದೇ ಎಲ್ಲಕ್ಕಿಂತ ನಿಧಾನ! ನನಗೆ ಈ ನಾಲ್ಕು ಅಂಕಿ ಬಾಯಿಪಾಠ. ಮನೆಯಲ್ಲಿ ಹೆಂಡತಿ ನಗುತ್ತಾಳೆ, ರೇಷನ್ ಕಾರ್ಡಿನ ನಂಬರ್ ನೆನಪಿಲ್ಲ, ಇದು ನೆನಪುಂಟು ಅಂತ.

ಆ ಓಟದಲ್ಲಿ ಬ್ಯಾನಿಸ್ಟರ್ ಒಬ್ಬರೇ ಇರಲಿಲ್ಲ. ಮೊದಲೆರಡು ಸುತ್ತು ಕ್ರಿಸ್ ಬ್ರಾಷರ್ ಮುಂದೆ ಓಡಿದರು. ಆಮೇಲೆ ಕ್ರಿಸ್ ಚಾಟವೇ ಮುಂದೆ ಬಂದು ಎಳೆದುಕೊಂಡು ಹೋದರು. ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕೆಂದರೆ ಅವರಿಗೆ ಜೋಡಿ ಕೋಣ ಇತ್ತು! 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣ ಓಡಿಸುವ ಕೆಸರಿನ ಹಾದಿ) 13.62 ಸೆಕೆಂಡಿನಲ್ಲಿ ಓಡಿದಾಗ ಊರೆಲ್ಲ ಉಸೇನ್ ಬೋಲ್ಟ್‌ಗೆ ಹೋಲಿಸಿತು. ನನಗೆ ಆ ಹೋಲಿಕೆ ಸರಿ ಕಾಣಲಿಲ್ಲ. ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58ರಲ್ಲಿ ಓಡಿದಾಗ ಮುಂದೆ ಎಳೆಯುವವರು ಇರಲಿಲ್ಲ. ಹಾಗೆಯೇ ಬೋಲ್ಟ್‌ಗೆ ಕೆಸರಿನಲ್ಲಿ ಓಡುವ ಕಷ್ಟವೂ ಇರಲಿಲ್ಲ. ಎರಡೂ ಬೇರೆ ಆಟ. ಆದರೆ ಕೋಣದ ಹಿಂದೆ ಓಡುವವನಿಗೆ ಗೊತ್ತು, ಮುಂದೆ ಒಂದು ಜೀವ ಓಡುತ್ತಿದ್ದರೆ ಕಾಲು ತಾನಾಗಿ ಏಳುತ್ತದೆ.

ನಿಮಗೂ ಒಂದು ಕೋಣ ಬೇಕು. ಗಂಡನನ್ನು ಎಬ್ಬಿಸಿ ಅಂತ ಹೇಳುವುದಿಲ್ಲ, ಅದು ಮತ್ತೊಂದು ಜಗಳ. ಪಕ್ಕದ ಮನೆಯವರೋ ಸೊಸೈಟಿಯ ಸಹೋದ್ಯೋಗಿಯೋ, ಯಾರಾದರೂ ಒಬ್ಬರು ಗೇಟಿನ ಹತ್ತಿರ ಕಾಯುತ್ತಿದ್ದಾರೆ ಅಂತ ಗೊತ್ತಿದ್ದರೆ ಅಲಾರಂ ಆಫ್ ಮಾಡಲು ಕೈ ಬರುವುದಿಲ್ಲ. ನಾಚಿಕೆ ಅನ್ನುವುದು ಒಳ್ಳೆಯ ಕೋಚ್.

ಇನ್ನು ಕಿಪ್ಯೆಗಾನ್. 2018ರಲ್ಲಿ ಮಗಳು ಹುಟ್ಟಿದಳು. 2023ರಲ್ಲಿ 1500 ಮೀಟರ್ ದಾಖಲೆ ಮುರಿದರು, 3 ನಿಮಿಷ 49.11. ಮರುವರ್ಷ ಜುಲೈ 7ರಂದು ಪ್ಯಾರಿಸ್‌ನಲ್ಲಿ 3 ನಿಮಿಷ 49.04. ಇಡೀ ಒಂದು ವರ್ಷದ ಬೆವರಿಗೆ ಸಿಕ್ಕಿದ್ದು ಸೆಕೆಂಡಿನ ನೂರರಲ್ಲಿ ಏಳು ಪಾಲು! ಕಣ್ಣು ಮಿಟುಕಿಸುವಷ್ಟೂ ಇಲ್ಲ. ಅದೇ ದಿನ, ಅದೇ ಟ್ರ್ಯಾಕಿನಲ್ಲಿ ನಮ್ಮ ಅವಿನಾಶ್ ಸಾಬ್ಳೆ 3000 ಮೀಟರ್ ಸ್ಟೀಪಲ್‌ಚೇಸನ್ನು (ಅಡೆತಡೆ ಹಾರುತ್ತಾ ಓಡುವ ಓಟ) 8 ನಿಮಿಷ 9.91 ಸೆಕೆಂಡಿನಲ್ಲಿ ಮುಗಿಸಿ ತನ್ನದೇ ರಾಷ್ಟ್ರೀಯ ದಾಖಲೆ ಮುರಿದರು. ಈ ಹುಡುಗ 2018ರಲ್ಲಿ ಗೋಪಾಲ್ ಸೈನಿಯವರ 37 ವರ್ಷದ ದಾಖಲೆಯನ್ನು ಮುರಿದದ್ದು ಬರೀ ಒಂದು ಸೆಕೆಂಡಿನಿಂದ. ಅಲ್ಲಿಂದ ಪ್ಯಾರಿಸ್‌ವರೆಗೆ ಮತ್ತೆ ಮತ್ತೆ ಚೂರು ಚೂರೇ ಇಳಿಸಿ ಸುಮಾರು 20 ಸೆಕೆಂಡು ಕಡಿಮೆ ಮಾಡಿದರು. ಆ ನಡುವಿನ ಓಟಗಳ ವೀಡಿಯೊ ನೋಡಿದ್ದೀರಾ? ನೋಡಿರಲಿಕ್ಕಿಲ್ಲ.

ಹಾಗಾಗಿ ಒಂದು 40 ಹಾಳೆಯ ಪುಸ್ತಕ ತನ್ನಿ. ಮೊದಲ ತಿಂಗಳು ಒಂದು ಸುತ್ತು ನಿಧಾನ ಓಟ, ಒಂದು ಸುತ್ತು ನಡಿಗೆ, ಹೀಗೆ ಮೂರು ಸಲ ಸಾಕು. ಓಡಿದ ಸುತ್ತುಗಳ ಸಮಯ ಮಾತ್ರ ಬರೆಯಿರಿ. ಏಪ್ರಿಲ್‌ನ ಅಂಕಿಯನ್ನು ಜನವರಿಗೆ ಹೋಲಿಸಬೇಡಿ. ನಮ್ಮ ಕರಾವಳಿಯ ಸೆಕೆಯಲ್ಲಿ ಎಂಥವರ ಕಾಲೂ ಎಳೆಯುತ್ತದೆ. ಶುರು ಮಾಡುವ ಮೊದಲು ಡಾಕ್ಟರ ಹತ್ತಿರ ಬಿಪಿ, ಸಕ್ಕರೆ ನೋಡಿಸಿ ಬಿಡಿ, 41 ಅಲ್ವಾ.

ಎರಡು ದಿನ ಹೋಗಲು ಆಗದಿದ್ದರೆ ಎಲ್ಲ ಮುಗಿಯಿತು ಅಂತ ಕೂರಬೇಡಿ. ಬ್ಯಾನಿಸ್ಟರ್‌ಗೆ ದಾಖಲೆಗೆ ಮೊದಲು ತರಬೇತಿಯಲ್ಲಿ ಕಾಲು ಮೈಲಿಯ ಓಟ 61 ಸೆಕೆಂಡಿಗಿಂತ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಓಟ ಬಿಟ್ಟು ಬ್ರಾಷರ್ ಜೊತೆ ಸ್ಕಾಟ್ಲೆಂಡಿಗೆ ಹೋಗಿ ಬೆಟ್ಟ ಹತ್ತಿ ಬಂದರು. ಬಂದು ಓಡಿದರೆ 59!

ಮತ್ತೆ ಆ ಶೂ. ಇವತ್ತೇ ಡಬ್ಬದಿಂದ ತೆಗೆದು ನಾಲ್ಕು ದಿನ ಮನೆಯೊಳಗೆ ಹಾಕಿಕೊಂಡು ಅಡುಗೆ ಮಾಡಿ. ಅತ್ತೆ ಏನಾದರೂ ಅಂದರೆ ಮಾಸ್ಟ್ರು ಹೇಳಿದ್ದು ಅನ್ನಿ. ಹೊಸ ಶೂ ಮೊದಲ ದಿನವೇ ಹಿಮ್ಮಡಿ ಕಚ್ಚಿದರೆ, ಮರುದಿನ ಮಲಗಲು ನಿಮಗೆ ನಿಜವಾದ ಮುಳ್ಳೇ ಸಿಕ್ಕಿದ ಹಾಗೆ.